ಹಲಸಿನ ಬಟ್ಟಲಿನ ಎರಡು ಬದಿಯಲ್ಲಿ ಮಾತ್ರ ಮೈ ಕಿತ್ತು ಬರುವುದೇಕೆ? ಲೇತ್‌ನಲ್ಲಿ ಬಟ್ಟಲು ಕಡೆಯಲು ಕಲಿಯುವವರ ಚರ್ಚೆ

ಸಾಗರದ ಕಲಿಕೆಗಾರ:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಚಿ ಮತ್ತು ಉಳಿಯಿಂದ ಕೆತ್ತಿದ ಉಪ್ಪಿನ ಮರಿಗೆಗಳು ಇಂದಿಗೂ ಉಳಿದಿವೆ. ಅಂಥ ಮರದ ಪಾತ್ರೆಗಳನ್ನು ದಿನಬಳಕೆಗೆ ಮತ್ತೆ ತರಬೇಕೆಂಬ ಆಸೆಯಿಂದ, ಹತ್ತು ಇಂಚು ವ್ಯಾಸದವರೆಗಿನ ಮರವನ್ನು ತಿರುಗಿಸಬಲ್ಲ ಒಂದು ಚಿಕ್ಕ ಲೇತ್ ತಂದು ಬಟ್ಟಲು ಕಡೆಯಲು ತೊಡಗಿದ್ದೇನೆ. ಮಳೆಗಾಲದಲ್ಲಿ ಗಾಳಿಗೆ ಉರುಳಿದ ಹಲಸಿನ ಮರದ ತುಂಡುಗಳು ನನ್ನಲ್ಲಿವೆ.

ಮೂರು ಸಂಗತಿಗಳು ಅರ್ಥವಾಗುತ್ತಿಲ್ಲ. ಮೊದಲನೆಯದು, ಬಟ್ಟಲಿನ ಹೊರಮೈಯಲ್ಲಿ ಪರಸ್ಪರ ಎದುರುಬದುರಾಗಿರುವ ಎರಡು ಜಾಗಗಳಲ್ಲಿ ಮಾತ್ರ ಮರ ಕಿತ್ತು ಬಂದು ಒರಟಾಗುತ್ತದೆ. ಉಳಿದ ಮೈ ನುಣುಪಾಗಿಯೇ ಇರುತ್ತದೆ, ಎಷ್ಟು ಮರಳು ಕಾಗದ ಹಾಕಿದರೂ ಆ ಎರಡು ಕಲೆಗಳು ಹೋಗುವುದಿಲ್ಲ. ಎರಡನೆಯದು, ಒಳಭಾಗವನ್ನು ತೋಡುವಾಗ ಉಳಿ ಇದ್ದಕ್ಕಿದ್ದಂತೆ ಮರವನ್ನು ಕಚ್ಚಿ ಕೆಳಕ್ಕೆ ಎಳೆಯುತ್ತದೆ, ಕೆಲವೊಮ್ಮೆ ಬಟ್ಟಲೇ, ಮರವನ್ನು ದವಡೆಗಳಲ್ಲಿ ಕಚ್ಚಿ ಹಿಡಿಯುವ ಲೇತ್‌ನ ಭಾಗವಾದ ಚಕ್‌ನಿಂದ ಕಳಚಿ ಬರುತ್ತದೆ. ಮೂರನೆಯದು, ದುಂಡಗೆ ಕಡೆದಿಟ್ಟ ಬಟ್ಟಲು ಕೆಲವೇ ವಾರಗಳಲ್ಲಿ ಅಂಡಾಕಾರವಾಗುತ್ತದೆ ಮತ್ತು ತಳದ ನಡುವೆ ಬಿರುಕು ಬಿಡುತ್ತದೆ. ಲೇತ್ ಜೊತೆ ಎಂಟು ಉಳಿಗಳ ಒಂದು ಪೆಟ್ಟಿಗೆ ಬಂದಿದೆ. ಬೇಗ ಮರ ತೆಗೆಯುತ್ತದೆಂದು ಅವುಗಳಲ್ಲಿ ಎಲ್ಲಕ್ಕಿಂತ ಅಗಲವಾದ, ಅರ್ಧ ಕೊಳವೆಯಂತಿರುವ ಉಳಿಯನ್ನೇ ಹೆಚ್ಚಾಗಿ ಬಳಸುತ್ತಿದ್ದೇನೆ. ತಿಳಿದವರು ದಾರಿ ತೋರಿಸಬೇಕು.

ಪುತ್ತೂರಿನ ಮರಗೆಲಸಗಾರ:

ಸಾಗರದ ಮಿತ್ರರೇ, ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರವಿದೆ. ಆದರೆ ಅದಕ್ಕೂ ಮೊದಲು, ಆ ಅಗಲವಾದ ಉಳಿಯನ್ನು ಬಟ್ಟಲಿನ ಕೆಲಸದಿಂದ ಇಂದೇ ದೂರವಿಡಿ. ಅದು ಸ್ಪಿಂಡಲ್ ರಫಿಂಗ್ ಗೌಜ್. ಕುರ್ಚಿಯ ಕಾಲು, ತೊಟ್ಟಿಲಿನ ಕಂಬಿಯಂಥ ಉದ್ದನೆಯ ವಸ್ತುಗಳಿಗಾಗಿ ಚೌಕದ ಮರವನ್ನು ದುಂಡಗೆ ಮಾಡಲು ಇರುವ ಉಳಿ ಅದು. ಅದರ ಅಲಗು ಎಷ್ಟೇ ಅಗಲವಾಗಿದ್ದರೂ ಮರದ ಹಿಡಿಯೊಳಗೆ ಸೇರುವ ಬಾಲ ಮಾತ್ರ ಚಪ್ಪಟೆಯಾಗಿ, ಸಣ್ಣದಾಗಿರುತ್ತದೆ. ಬಟ್ಟಲಿನ ಒಳಗೆ ಕೆಲಸ ಮಾಡುವಾಗ ಉಳಿಯ ತುದಿ, ಅದನ್ನು ಆನಿಸುವ ಟೂಲ್ ರೆಸ್ಟ್‌ನಿಂದ ಬಹಳ ಮುಂದಕ್ಕೆ ಚಾಚಿಕೊಂಡಿರುವುದರಿಂದ, ಒಮ್ಮೆ ಜೋರಾಗಿ ಕಚ್ಚಿದರೆ ಪೂರ್ತಿ ಹೊಡೆತ ಆ ಬಾಲದ ಮೇಲೆ ಬೀಳುತ್ತದೆ ಮತ್ತು ಅದು ಮುರಿಯುತ್ತದೆ. ಮುರಿದ ಉಕ್ಕಿನ ತುಂಡು ಯಾವ ಕಡೆಗೆ ಹಾರುತ್ತದೆಂದು ಹೇಳಲಾಗದು.

ಬಟ್ಟಲಿಗೆ ಬೇಕಾಗಿರುವುದು ಬೌಲ್ ಗೌಜ್. ಇದನ್ನು ಹೈಸ್ಪೀಡ್ ಸ್ಟೀಲ್‌ನ ದುಂಡು ಸರಳಿನಲ್ಲಿ ಆಳವಾದ ಕಾಲುವೆ ಕೊರೆದು ಮಾಡಿರುತ್ತಾರೆ. ಆ ಸರಳೇ ಪೂರ್ಣ ದಪ್ಪದಲ್ಲಿ ಹಿಡಿಯೊಳಗೆ ಹೋಗುವುದರಿಂದ ಬಾಲ ಮುರಿಯುವ ಪ್ರಶ್ನೆಯೇ ಇರುವುದಿಲ್ಲ. ಕೊಳ್ಳುವಾಗ ಒಂದು ವಿಷಯ ಗಮನಿಸಿ: ಅಮೆರಿಕದ ತಯಾರಕರು ಸರಳಿನ ವ್ಯಾಸವನ್ನು ಅಳತೆಯಾಗಿ ಹೇಳುತ್ತಾರೆ, ಬ್ರಿಟನ್ನಿನವರು ಕಾಲುವೆಯ ಅಗಲವನ್ನು ಹೇಳುತ್ತಾರೆ, ಆದ್ದರಿಂದ ಒಬ್ಬರ 3/8 ಇಂಚು ಇನ್ನೊಬ್ಬರ 1/2 ಇಂಚಿಗೆ ಸಮ. ನಿಮ್ಮ ಅಳತೆಯ ಲೇತ್‌ಗೆ ಸರಳಿನ ವ್ಯಾಸ ಅರ್ಧ ಇಂಚು ಇರುವ ಒಂದೇ ಒಂದು ಬೌಲ್ ಗೌಜ್ ಸಾಕು. ಎಂಟು ಉಳಿಗಳ ಪೆಟ್ಟಿಗೆಯಲ್ಲಿ ಬಟ್ಟಲಿಗೆ ಉಪಯೋಗವಾಗುವುದು ಬಹುಶಃ ಮರವನ್ನು ಕೆರೆದು ತೆಗೆಯುವ ದುಂಡು ಮೂತಿಯ ಸ್ಕ್ರೇಪರ್ ಒಂದೇ.

ಇನ್ನೊಂದು ಮಾತು. ಎಂಟು ಇಂಚಿನ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗದಲ್ಲಿರುತ್ತದೆ. ಚಕ್‌ನಿಂದ ಬಟ್ಟಲು ಕಳಚಿ ಬರುತ್ತಿದೆ ಎಂದು ಬರೆದಿದ್ದೀರಿ, ಆದರೆ ಮುಖಕ್ಕೆ ಏನು ಧರಿಸುತ್ತೀರಿ ಎಂದು ಬರೆದಿಲ್ಲ. ಕನ್ನಡಕ ಸಾಲದು, ಗದ್ದದವರೆಗೂ ಮುಚ್ಚುವ ಪಾಲಿಕಾರ್ಬೊನೇಟ್ ಮುಖಕವಚ ಬೇಕು. ಗುಂಡಿ ಒತ್ತುವಾಗ ಮರದ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಕೈಗವಸು, ಸಡಿಲ ತೋಳಿನ ಅಂಗಿ, ಕೊರಳ ಸರ, ದುಪಟ್ಟಾ, ಬಿಚ್ಚಿದ ಕೂದಲು ಇವು ಯಾವುವೂ ಲೇತ್ ಹತ್ತಿರ ಬರಕೂಡದು.

ಮರ ವಿಜ್ಞಾನದ ಅಧ್ಯಾಪಕಿ, ಬೆಂಗಳೂರು:

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದು ತಿಳಿದರೆ ಉಳಿದ ಎರಡೂ ಅರ್ಧದಷ್ಟು ತಿಳಿದಂತೆಯೇ ಎಂಬುದು ನನ್ನ ಅಭಿಪ್ರಾಯ.

ಮರದ ನಾರುಗಳು ಕಾಂಡದ ಉದ್ದಕ್ಕೂ ಹಾಯ್ದಿರುತ್ತವೆ. ಬಟ್ಟಲಿಗೆಂದು ದಿಮ್ಮಿಯನ್ನು ನಡುವೆ ಸೀಳಿ, ಆ ಅರ್ಧವನ್ನು ದುಂಡಗೆ ಕತ್ತರಿಸಿ ಲೇತ್‌ಗೆ ಏರಿಸಿದಾಗ ನಾರುಗಳು ಲೇತ್‌ನ ಅಕ್ಷಕ್ಕೆ ಅಡ್ಡಲಾಗಿ ಮಲಗಿರುತ್ತವೆ. ಹಾಗಾಗಿ ಬಟ್ಟಲು ಒಂದು ಸುತ್ತು ತಿರುಗುವಷ್ಟರಲ್ಲಿ ನಿಮ್ಮ ಉಳಿ ಎರಡು ಬಾರಿ ನಾರಿನ ಪಕ್ಕವನ್ನೂ ಎರಡು ಬಾರಿ ನಾರಿನ ತುದಿಯನ್ನೂ ಎದುರಿಸುತ್ತದೆ. ಪಕ್ಕದಲ್ಲಿ ನಾರು ಸುಲಭವಾಗಿ ಸುಲಿದು ಬರುತ್ತದೆ. ತುದಿಯಲ್ಲಿ ಅದನ್ನು ಅಡ್ಡಲಾಗಿ ತುಂಡರಿಸಬೇಕಾಗುತ್ತದೆ. ಹಿಂದಿನಿಂದ ಆಸರೆಯಿಲ್ಲದ ನಾರಿನ ತುದಿಗೆ ಉಳಿ ತಾಗಿದರೆ ಅದು ತುಂಡಾಗುವ ಬದಲು ಬಾಗುತ್ತದೆ, ಬಾಗಿ ಬುಡದಿಂದ ಕಿತ್ತು ಬರುತ್ತದೆ. ನೀವು ಕಾಣುತ್ತಿರುವ ಎರಡು ಒರಟು ಕಲೆಗಳು ಇವೇ, ಮತ್ತು ಅವು ಎದುರುಬದುರಾಗಿಯೇ ಇರುವುದಕ್ಕೆ ಕಾರಣವೂ ಇದೇ. ಕಿತ್ತ ಜಾಗ ಮೇಲ್ಮೈಯಿಂದ ಒಳಕ್ಕೆ ಇಳಿದಿರುವುದರಿಂದ ಮರಳು ಕಾಗದ ಸುತ್ತಲಿನ ಮರವನ್ನು ಸವೆಸುತ್ತದೆಯೇ ಹೊರತು ಆ ಕಲೆಯ ತಳವನ್ನು ಮುಟ್ಟುವುದಿಲ್ಲ.

ಪರಿಹಾರವಿರುವುದು ಉಳಿ ಸಾಗುವ ದಿಕ್ಕಿನಲ್ಲಿ. ಬಟ್ಟಲಿನ ಒಳಭಾಗವನ್ನು ಒಂದು ಕಲ್ಯಾಣಿಯೆಂದು ಭಾವಿಸಿ. ನಾರಿನ ಪದರಗಳು ಅದರ ಮೆಟ್ಟಿಲುಗಳು. ಕೆಳಗಿನ ಪ್ರತಿಯೊಂದು ಮೆಟ್ಟಿಲೂ ಮೇಲಿನದಕ್ಕಿಂತ ನಡುವಿನ ಕಡೆಗೆ ಹೆಚ್ಚು ಚಾಚಿರುತ್ತದೆ. ಅಂಚಿನಿಂದ ತಳದ ನಡುವಿಗೆ ಇಳಿಯುತ್ತ ಕಡೆದರೆ, ಉಳಿ ಕತ್ತರಿಸುವ ಪ್ರತಿ ನಾರಿಗೂ ಅದರ ಕೆಳಗಿನ ಪದರದ ಆಸರೆ ಸಿಗುತ್ತದೆ. ತಳದಿಂದ ಅಂಚಿಗೆ ಏರುತ್ತ ಬಂದರೆ ಆಸರೆಯಿಲ್ಲದ ತುದಿಗಳನ್ನೇ ಎತ್ತಿ ಕೀಳುತ್ತೀರಿ. ಹೊರಮೈಯಲ್ಲಿ ದಿಕ್ಕು ತಿರುಗುತ್ತದೆ: ಬುಡದ ಕಡೆ ಪದರಗಳು ಚಿಕ್ಕವು, ಅಂಚಿನ ಕಡೆ ದೊಡ್ಡವು, ಆದ್ದರಿಂದ ಬುಡದಿಂದ ಅಂಚಿನತ್ತ, ಅಂದರೆ ಚಿಕ್ಕ ವ್ಯಾಸದಿಂದ ದೊಡ್ಡ ವ್ಯಾಸದತ್ತ ಕಡೆಯಬೇಕು. ನಿಮ್ಮ ಹೊರಮೈಯ ಕಲೆಗಳನ್ನು ನೋಡಿದರೆ ನೀವು ಅಂಚಿನಿಂದ ಬುಡಕ್ಕೆ ಎಳೆಯುತ್ತಿದ್ದೀರಿ ಎಂದು ನನಗನ್ನಿಸುತ್ತದೆ.

ಸಾಗರದ ಕಲಿಕೆಗಾರ:

ಮೇಡಂ, ನೀವು ಹೇಳಿದಂತೆ ನಾನು ಅಂಚಿನಿಂದ ಬುಡಕ್ಕೇ ಎಳೆಯುತ್ತಿದ್ದೆ. ದಿಕ್ಕು ಬದಲಿಸಿದ ಮೇಲೆ ಕಲೆಗಳು ಬಹಳ ಮಟ್ಟಿಗೆ ತಗ್ಗಿವೆ, ಆದರೆ ಪೂರ್ತಿ ಹೋಗಿಲ್ಲ. ಒಂದು ಸಂದೇಹ ಮಾತ್ರ ಉಳಿದಿದೆ. ಚನ್ನಪಟ್ಟಣದಲ್ಲಿ ಕುಂಕುಮದ ಭರಣಿ ಮಾಡುವವರು ಒಳಭಾಗವನ್ನು ನಡುವಿನಿಂದ ಅಂಚಿನ ಕಡೆಗೆ ತೋಡುವುದನ್ನು ಕಣ್ಣಾರೆ ನೋಡಿದ್ದೇನೆ. ಅವರ ಭರಣಿಯ ಒಳಮೈ ಕನ್ನಡಿಯಷ್ಟು ನುಣುಪಾಗಿರುತ್ತದೆ. ಹಾಗಾದರೆ ಈ ನಿಯಮ ಅವರಿಗೇಕೆ ಅನ್ವಯಿಸುವುದಿಲ್ಲ?

ಚನ್ನಪಟ್ಟಣದ ಕಸುಬುದಾರ:

ನೀವು ನೋಡಿದ್ದು ಸರಿ, ಮೇಡಂ ಹೇಳಿದ್ದೂ ಸರಿ. ನಮ್ಮ ಕೆಲಸ ಬಹುಪಾಲು ಆಲೆಮರದ ಕೊಂಬೆಗಳಲ್ಲಿ ನಡೆಯುತ್ತದೆ. ಕೊಂಬೆಯನ್ನು ಅದರ ಉದ್ದಕ್ಕೇ ಲೇತ್‌ಗೆ ಏರಿಸುವುದರಿಂದ ನಾರುಗಳು ಅಕ್ಷದ ಜೊತೆಯಲ್ಲೇ ಹಾಯ್ದಿರುತ್ತವೆ, ಅಡ್ಡ ಬರುವುದಿಲ್ಲ. ಆದ್ದರಿಂದ ಭರಣಿಯ ಒಳತಳ ನಾರಿನ ತುದಿಗಳಿಂದಲೇ ಆಗಿರುತ್ತದೆ, ಅಲ್ಲಿ ಆಸರೆ ಸಿಗುವುದು ನಡುವಿನಿಂದ ಹೊರಕ್ಕೆ ಸಾಗಿದಾಗ. ನಾರು ಅಡ್ಡವಿದೆಯೋ ಉದ್ದವಿದೆಯೋ ಎಂದು ಮೊದಲು ನೋಡಬೇಕು, ಆಮೇಲೆ ಉಳಿ ಎತ್ತಿಕೊಳ್ಳಬೇಕು. ಆಲೆಮರ ಬೆಳ್ಳಗಿದ್ದು, ನಾರು ಸಣ್ಣದಾಗಿ ಒತ್ತಾಗಿರುವುದರಿಂದ ಸ್ವಲ್ಪ ತಪ್ಪಿದರೂ ಸಹಿಸಿಕೊಳ್ಳುತ್ತದೆ. ಹಲಸು ಅಷ್ಟು ಸಹಿಸುವುದಿಲ್ಲ.

ಉಳಿದಿರುವ ಕಲೆಗಳ ಬಗ್ಗೆ ನನ್ನ ಪ್ರಶ್ನೆ ಒಂದೇ: ಉಳಿಗೆ ಸಾಣೆ ಯಾವಾಗ ಹಿಡಿಯುತ್ತೀರಿ? ಅಂಗಡಿಯಿಂದ ಬಂದ ಉಳಿಯ ಅಂಚು ಕೆಲಸಕ್ಕೆ ಸಿದ್ಧವಾದ ಅಂಚಲ್ಲ. ಹಲಸಿನಂಥ ಮರದಲ್ಲಿ ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಹಲವು ಬಾರಿ ಸಾಣೆಗೆ ಹೋಗಬೇಕಾಗುತ್ತದೆ, ಕೊನೆಯ ಸುತ್ತಿಗೆ ಮೊದಲಂತೂ ತಪ್ಪದೆ ಹೋಗಬೇಕು. ಮರದಿಂದ ಉದ್ದನೆಯ ಸಿಪ್ಪೆ ಸುರುಳಿಯಾಗಿ ಬರುತ್ತಿದ್ದರೆ ಅಂಚು ಸರಿಯಿದೆ. ಪುಡಿ ಉದುರುತ್ತಿದ್ದರೆ, ಉಳಿಯನ್ನು ಒತ್ತಿ ಹಿಡಿಯಬೇಕೆನಿಸುತ್ತಿದ್ದರೆ ಅಂಚು ಹೋಗಿದೆ. ಬೌಲ್ ಗೌಜ್‌ಗೆ 50ರಿಂದ 60 ಡಿಗ್ರಿಯ ಇಳಿಜಾರು ಮುಖ ಇರಲಿ. ಪ್ರತಿ ಸಲವೂ ಅದೇ ಕೋನ ಬರಬೇಕೆಂದರೆ ಕೈಯಂದಾಜಿಗಿಂತ, ಉಳಿಯನ್ನು ಕಚ್ಚಿ ಹಿಡಿಯುವ ಜಿಗ್ ಒಳ್ಳೆಯದು. ಕೋನ ಬದಲಾಗುತ್ತಲೇ ಇದ್ದರೆ ಉಳಿ ಪ್ರತಿ ಸಲವೂ ಹೊಸ ಉಳಿಯೇ ಆಗುತ್ತದೆ, ಕೈಗೆ ಅಭ್ಯಾಸ ಕೂಡುವುದೇ ಇಲ್ಲ. ಹೈಸ್ಪೀಡ್ ಸ್ಟೀಲ್ ಸಾಣೆಯಲ್ಲಿ ನೀಲಿಯಾದರೆ ಹೆದರಬೇಕಿಲ್ಲ, ಅದರ ಹದ ಕೆಡುವುದಿಲ್ಲ. ಆದರೆ ಬಿಸಿ ಉಕ್ಕನ್ನು ತಟ್ಟನೆ ನೀರಿಗೆ ಅದ್ದಬೇಡಿ, ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಹಳೆಯ ಕಾರ್ಬನ್ ಉಕ್ಕಿನ ಉಳಿಯಾದರೆ ಇದಕ್ಕೆ ವಿರುದ್ಧ. ಅದು ನೀಲಿಯಾದರೆ ಹದ ಹೋಯಿತೆಂದೇ ಅರ್ಥ, ಅದನ್ನು ಮೇಲಿಂದ ಮೇಲೆ ನೀರಿಗೆ ಅದ್ದಿ ತಣಿಸಬೇಕು.

ಕೊನೆಯ ಸುತ್ತಿನಲ್ಲಿ ಆ ಎರಡು ಜಾಗಗಳಿಗೆ ನೀರು ಸವರಿ, ಹೊಸದಾಗಿ ಸಾಣೆ ಹಿಡಿದ ಉಳಿಯಿಂದ ಕೂದಲೆಳೆಯಷ್ಟು ಮಾತ್ರ ತೆಗೆದು ನೋಡಿ. ನೆನೆದ ನಾರು ಒಣ ನಾರಿಗಿಂತ ಚೆನ್ನಾಗಿ ತುಂಡಾಗುತ್ತದೆ.

ಪುತ್ತೂರಿನ ಮರಗೆಲಸಗಾರ:

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಉಳಿ ಕಚ್ಚುವುದು ಆಕಸ್ಮಿಕವೆಂದು ಹೊಸಬರು ತಿಳಿಯುತ್ತಾರೆ, ಹಾಗಲ್ಲ. ಉಳಿಯ ಅಂಚಿನ ಹಿಂದಿರುವ ಇಳಿಜಾರು ಮುಖಕ್ಕೆ ಬೆವೆಲ್ ಎನ್ನುತ್ತಾರೆ. ಕತ್ತರಿಸುತ್ತಿರುವ ಅಂಚಿನ ಹಿಂದೆಯೇ ಆ ಬೆವೆಲ್ ಮರಕ್ಕೆ ತಾಗಿಕೊಂಡು ಜಾರುತ್ತಿದ್ದರೆ ಅಂಚು ಎಷ್ಟು ಆಳಕ್ಕೆ ಹೋಗಬೇಕೆಂಬುದು ನಿಮ್ಮ ಹಿಡಿತದಲ್ಲಿರುತ್ತದೆ. ಬೆವೆಲ್‌ನ ಆಸರೆಯಿಲ್ಲದ ಅಂಚು ಮರಕ್ಕೆ ತಾಗಿದೊಡನೆ ತಿರುಗುತ್ತಿರುವ ಮರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚಿನ ಕಚ್ಚುವಿಕೆಗಳ ಹಿಂದೆ ಇದೇ ಕಾರಣವಿರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಉಳಿ ಮೊದಲು ಟೂಲ್ ರೆಸ್ಟ್ ಮೇಲೆ ಕೂರಬೇಕು. ಆಮೇಲೆ ಬೆವೆಲ್ ಮರಕ್ಕೆ ತಾಗಬೇಕು, ಇಷ್ಟಾದರೂ ಸಿಪ್ಪೆ ಬರಬಾರದು. ಆನಂತರ ಹಿಡಿಯನ್ನು ನಿಧಾನವಾಗಿ ಸರಿಸುತ್ತ ಹೋದಾಗ ಅಂಚು ತಾನಾಗಿ ಮರವನ್ನು ಹಿಡಿಯುತ್ತದೆ. ಒಳಭಾಗಕ್ಕೆ ಬಟ್ಟಲಿನ ಅಂಚಿನಿಂದ ಪ್ರವೇಶಿಸುವ ಕ್ಷಣವೇ ಅತ್ಯಂತ ಕಷ್ಟದ್ದು, ಏಕೆಂದರೆ ಬೆವೆಲ್ ಒರಗಿಕೊಳ್ಳಲು ಅಲ್ಲಿ ಇನ್ನೂ ಜಾಗವೇ ಸಿದ್ಧವಾಗಿರುವುದಿಲ್ಲ. ಆಗ ಉಳಿಯ ಕಾಲುವೆ ಆಕಾಶಕ್ಕೆ ಮುಖ ಮಾಡಿರಬಾರದು, ಬಟ್ಟಲಿನ ನಡುವಿನ ಕಡೆಗೆ ಪೂರ್ತಿ ಮಗ್ಗುಲಾಗಿರಬೇಕು. ಒಂದೆರಡು ಮಿಲಿಮೀಟರ್ ಒಳಗೆ ಹೋಗಿ ಬೆವೆಲ್‌ಗೆ ಆಸರೆ ಸಿಕ್ಕ ಮೇಲೆ ಕಾಲುವೆಯನ್ನು ತುಸು ಮೇಲಕ್ಕೆ ತೆರೆಯಬಹುದು. ಸ್ಕ್ರೇಪರ್ ಬಳಸುವುದಾದರೆ ಹಿಡಿಯನ್ನು ಎತ್ತಿ ಅಂಚು ಕೆಳಕ್ಕೆ ಇಳಿಮುಖವಾಗಿರುವಂತೆ ಹಿಡಿಯಿರಿ, ಬಟ್ಟಲಿನ ಒಳಗೆ ಅದು ನಡುಮಟ್ಟಕ್ಕಿಂತ ಕೊಂಚ ಮೇಲಿರಲಿ. ಮರ ಅದನ್ನು ಕೆಳಕ್ಕೆ ತಳ್ಳಿದರೂ ಅದು ಖಾಲಿ ಜಾಗಕ್ಕೆ ಹೋಗುತ್ತದೆ, ಮರದೊಳಕ್ಕೆ ಹೋಗುವುದಿಲ್ಲ.

ಬಟ್ಟಲು ಚಕ್‌ನಿಂದ ಕಳಚುತ್ತಿರುವುದಕ್ಕೆ ಕಾರಣ ದವಡೆಗಳು ಕಚ್ಚಿ ಹಿಡಿಯಲೆಂದು ಬುಡದಲ್ಲಿ ಬಿಡುವ ದುಂಡು ಗುಬುಟು, ಅಂದರೆ ಟೆನನ್‌ನಲ್ಲಿರಬಹುದು. ಅದರ ವ್ಯಾಸ ಬಟ್ಟಲಿನ ವ್ಯಾಸದ ಸುಮಾರು ಮೂರನೇ ಒಂದು ಭಾಗವಿರಲಿ, ಎತ್ತರ 6ರಿಂದ 10 ಮಿಲಿಮೀಟರ್ ಇರಲಿ. ಟೆನನ್‌ನ ತಲೆ ಚಕ್‌ನ ತಳಕ್ಕೆ ತಾಗಬಾರದು. ಅದರ ಸುತ್ತಲಿನ ಸಮತಟ್ಟಾದ ಭುಜ ದವಡೆಗಳ ಮೇಲೆ ಪೂರ್ತಿಯಾಗಿ ಒರಗಿರಬೇಕು. ಬಟ್ಟಲನ್ನು ಸ್ಥಿರವಾಗಿ ಹಿಡಿಯುವುದು ಆ ಭುಜವೇ. ದವಡೆಗಳು ಬಹುತೇಕ ಮುಚ್ಚಿ ಪೂರ್ಣ ವೃತ್ತವಾಗುವ ಅಳತೆಗೆ ಟೆನನ್ ಇದ್ದರೆ ಹಿಡಿತ ಎಲ್ಲ ಕಡೆಯೂ ಸಮನಾಗಿರುತ್ತದೆ. ಅಗಲವಾಗಿ ತೆರೆದ ದವಡೆಗಳು ನಾಲ್ಕು ಮೂಲೆಗಳಲ್ಲಿ ಮಾತ್ರ ಕಚ್ಚುತ್ತವೆ. ಹೊರಮೈ ಕಡೆಯುವಷ್ಟು ಹೊತ್ತೂ, ಲೇತ್‌ನ ಇನ್ನೊಂದು ತುದಿಯಿಂದ ಮರಕ್ಕೆ ಮೊನೆ ಒತ್ತಿ ಆಸರೆ ಕೊಡುವ ಟೇಲ್ ಸ್ಟಾಕ್ ತಂದು ಒತ್ತಿಟ್ಟಿರಿ.

ವೇಗಕ್ಕೆ ಒಂದು ಹಳೆಯ ಲೆಕ್ಕವಿದೆ. ಇಂಚಿನಲ್ಲಿ ಬಟ್ಟಲಿನ ವ್ಯಾಸ ಮತ್ತು ನಿಮಿಷದ ಸುತ್ತುಗಳನ್ನು ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. ಎಂಟು ಇಂಚಿಗೆ ಇದು 750ರಿಂದ 1125 ಸುತ್ತು. ಇದು ಮರ ದುಂಡಗಾದ ಮೇಲಿನ ಲೆಕ್ಕ. ಇನ್ನೂ ಓರೆಕೋರೆಯಾಗಿರುವ ತುಂಡನ್ನು ಇದರ ಅರ್ಧ ವೇಗದಲ್ಲಿ ಆರಂಭಿಸಿ, ಲೇತ್ ನಡುಗಿದರೆ ಇನ್ನೂ ತಗ್ಗಿಸಿ.

ಸಕಲೇಶಪುರದ ಕಾಫಿ ಬೆಳೆಗಾರ್ತಿ:

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನಮ್ಮ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕಡಿದಾಗ ಮಾರಾಟಕ್ಕೆ ಹೋಗದ ಗಿಡ್ಡ ತುಂಡುಗಳು ಬಹಳ ಉಳಿಯುತ್ತವೆ. ಅವು ಬಟ್ಟಲಿಗೆ ಆದೀತೇ? ನಮ್ಮ ಕಡೆಯ ಕಾಡುಮರಗಳಲ್ಲಿ ಯಾವುದನ್ನು ಮುಟ್ಟಬಾರದು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮರ ವಿಜ್ಞಾನದ ಅಧ್ಯಾಪಕಿ, ಬೆಂಗಳೂರು:

ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದು ಆಸ್ಟ್ರೇಲಿಯಾ ಮೂಲದ ಗ್ರೆವಿಲಿಯ ರೋಬಸ್ಟಾ. ಅದರ ಕಾಂಡದ ನಡುವಿನಿಂದ ತೊಗಟೆಯತ್ತ ಸಾಗುವ, ಕಿರಣಗಳೆಂದು ಕರೆಯುವ ಜೀವಕೋಶಗಳ ಪಟ್ಟಿಗಳು ಬಹಳ ಅಗಲವಾಗಿರುವುದರಿಂದ ಬಟ್ಟಲಿನ ಕೆಲವು ಮಗ್ಗುಲುಗಳಲ್ಲಿ ಕಸೂತಿಯಂಥ ಚೆಲುವಾದ ಮಚ್ಚೆಗಳು ಮೂಡುತ್ತವೆ. ಮರ ಮೆದುವಾದ್ದರಿಂದ ನಾರಿನ ತುದಿಗಳು ಹಲಸಿಗಿಂತ ಬೇಗ ಕಿತ್ತು ಬರುತ್ತವೆ. ಸಾಣೆಯ ಬಗ್ಗೆ ಮೇಲೆ ಹೇಳಿದ್ದೆಲ್ಲ ಇಲ್ಲಿ ಇಮ್ಮಡಿ ಅನ್ವಯಿಸುತ್ತದೆ. ಕೆಲವರ ಚರ್ಮಕ್ಕೆ ಇದರ ಪುಡಿ ತುರಿಕೆ ತರುತ್ತದೆ, ತೋಳು ಮುಚ್ಚುವ, ಮಣಿಕಟ್ಟಿನಲ್ಲಿ ಬಿಗಿಯಾದ ಅಂಗಿ ಧರಿಸಿ.

ಮುಟ್ಟಬಾರದ ಮರಗಳಲ್ಲಿ ಮೊದಲನೆಯದು ಹೊಳಗೇರು. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆಯೇಳುತ್ತದೆಂಬುದು ಮಲೆನಾಡಿನವರಿಗೆ ಹೊಸದಲ್ಲ. ಅಂಥ ಹಸಿಮರವನ್ನು ಲೇತ್‌ನಲ್ಲಿ ತಿರುಗಿಸಿದರೆ ಸೊನೆ ಮುಖಕ್ಕೇ ಸಿಡಿಯುತ್ತದೆ. ಮಾವು ಕೂಡ ಅದೇ ಕುಟುಂಬದ್ದು. ಅದರ ಮರ ಬಟ್ಟಲಿಗೆ ಚೆನ್ನಾಗಿದೆ, ಆದರೆ ಮಾವಿನ ಸೊನೆ ಆಗದವರು ಹಸಿಮರದ ಕೆಲಸದಲ್ಲಿ ಎಚ್ಚರವಾಗಿರಬೇಕು. ಕಾಸರಕದ ಬೀಜ ಘೋರ ವಿಷ, ಆ ಮರವನ್ನು ಊಟದ ಪಾತ್ರೆಗೆ ಬಳಸಬೇಡಿ. ಬೀಟೆ, ಶ್ರೀಗಂಧಗಳ ವಿಷಯ ಬೇರೆ; ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಈಗ ಮೂರನೆಯ ಪ್ರಶ್ನೆ. ಹಸಿಮರದ ನೀರಿನಂಶ ಶೇ. 25ರಿಂದ 30ಕ್ಕೆ ಇಳಿಯುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗಿಳಿದಾಗ ಕುಗ್ಗಲು ಆರಂಭಿಸುತ್ತದೆ, ಮತ್ತು ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯತ್ತ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ನಾರಿಗೆ ಅಡ್ಡಲಾಗಿ ಶೇ. 5 ಕುಗ್ಗುವ ಮರದಲ್ಲಿ 200 ಮಿಲಿಮೀಟರ್ ಬಟ್ಟಲು ಕಡೆದರೆ, ಒಣಗಿದ ಮೇಲೆ ಅದು ನಾರಿನ ಉದ್ದಕ್ಕೆ 200, ಅಡ್ಡಕ್ಕೆ 190 ಆಗುತ್ತದೆ. ನಿಮ್ಮ ಅಂಡಾಕಾರ ಬಂದದ್ದು ಹೀಗೆ. ತಳದ ಬಿರುಕಿಗೆ ಕಾರಣ ದಿಮ್ಮಿಯ ನಟ್ಟನಡುವಿನ ಬೆಂಡು. ಅದರ ಸುತ್ತಲಿನ ಎಳೆಮರ ಒಣಗುವಾಗ ಸೀಳದೆ ಇರುವುದು ಅಪರೂಪ. ದಿಮ್ಮಿಯನ್ನು ಬೆಂಡಿನ ಮೂಲಕವೇ ಸೀಳಿ, ಎರಡೂ ಅರ್ಧಗಳಿಂದ ಬೆಂಡಿನ ಭಾಗವನ್ನು ಪಟ್ಟಿಯಾಗಿ ತೆಗೆದುಹಾಕಿದ ಮೇಲೆ ಬಟ್ಟಲಿನ ತುಂಡು ಕತ್ತರಿಸಿಕೊಳ್ಳಿ.

ರೀಡಿಂಗ್ ನಗರದಲ್ಲಿರುವ ಕನ್ನಡಿಗ:

ನಾನು ಇಂಗ್ಲೆಂಡಿನಲ್ಲಿದ್ದೇನೆ, ನಮ್ಮ ಊರಿನ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯದಲ್ಲಿ ಜಾರ್ಜ್ ಲೇಲಿ ಎಂಬವರ ಉಳಿಗಳನ್ನು ಕಾಪಾಡಿ ಇಟ್ಟಿದ್ದಾರೆ. 1958ರಲ್ಲಿ ತೀರಿಕೊಂಡ ಅವರು ಇಲ್ಲಿಗೆ ಹತ್ತಿರದ ಬಕಲ್ಬರಿಯಲ್ಲಿ ಕಾಲಿನಿಂದ ತುಳಿದು ತಿರುಗಿಸುವ ಲೇತ್‌ನಲ್ಲಿ ಎಲ್ಮ್ ಮರದ ಬಟ್ಟಲುಗಳನ್ನು ಕಡೆದು ಜೀವನ ನಡೆಸಿದವರು. ಕೊಕ್ಕೆಯಂತೆ ಬಾಗಿದ ಉಳಿಗಳಿಂದ ಒಂದೇ ತುಂಡಿನಲ್ಲಿ ಒಂದರೊಳಗೊಂದು ಬಟ್ಟಲುಗಳನ್ನು ಬಿಡಿಸಿ ತೆಗೆಯುತ್ತಿದ್ದರು. ಆ ಪರಂಪರೆಯನ್ನು ಇಂದು ಮುಂದುವರಿಸುತ್ತಿರುವವರು ಬಹುಮಟ್ಟಿಗೆ ಹಸಿಮರದಲ್ಲೇ ಬಟ್ಟಲನ್ನು ಒಮ್ಮೆಗೇ ಮುಗಿಸುತ್ತಾರೆ.

ಆದ್ದರಿಂದ ಅಂಡಾಕಾರವನ್ನು ದೋಷವೆಂದೇ ಏಕೆ ನೋಡಬೇಕು ಎಂಬುದು ನನ್ನ ಪ್ರಶ್ನೆ. ಹಸಿಮರದ ಬಟ್ಟಲನ್ನು ಅಂಚಿನಿಂದ ತಳದವರೆಗೆ ಒಂದೇ ಸಮನಾದ 5 ಅಥವಾ 6 ಮಿಲಿಮೀಟರ್ ದಪ್ಪಕ್ಕೆ ಇಳಿಸಿದರೆ ಅದು ಎಲ್ಲ ಕಡೆಯೂ ಒಟ್ಟಿಗೆ ಒಣಗಿ, ಬಿರುಕು ಬಿಡದೆ ಬಾಗುತ್ತದೆ. ಕಲಿಯುವವರಿಗೆ ಹಸಿಮರಕ್ಕಿಂತ ಒಳ್ಳೆಯ ಗುರುವಿಲ್ಲ: ಅದು ಮೆದು, ಪುಡಿ ಹಾರುವುದಿಲ್ಲ, ಉಳಿಯ ಅಂಚು ಬೇಗ ಹೋಗುವುದಿಲ್ಲ.

ಪುತ್ತೂರಿನ ಮರಗೆಲಸಗಾರ:

ಕಲಿಕೆಗೆ ಹಸಿಮರವೇ ಒಳ್ಳೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ದಿನಬಳಕೆಯ ಪಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮುಚ್ಚಳವಿರುವ ಮರಿಗೆಯಾಗಲಿ, ಒಂದರ ಮೇಲೊಂದು ಜೋಡಿಸಿಡುವ ಬಟ್ಟಲುಗಳಾಗಲಿ ಅಂಡಾಕಾರವಾದರೆ ನಡೆಯುವುದಿಲ್ಲ. 5 ಮಿಲಿಮೀಟರ್ ದಪ್ಪಕ್ಕೆ ಸಮನಾಗಿ ಇಳಿಸುವುದು ಕಲಿಯುವವರ ಕೈಗೆ ಸುಲಭವೂ ಅಲ್ಲ. ಎರಡು ಹಂತದಲ್ಲಿ ಕಡೆಯುವುದನ್ನೇ ನಾನು ಸಲಹೆ ಮಾಡುತ್ತೇನೆ.

ಹಸಿಯಿರುವಾಗಲೇ ಗೋಡೆಯನ್ನು ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪ ಉಳಿಸಿ ಕಡೆದುಬಿಡಿ. 200 ಮಿಲಿಮೀಟರ್ ಬಟ್ಟಲಿಗೆ 20 ಮಿಲಿಮೀಟರ್, ತಳವೂ ಅಷ್ಟೇ. ಮೇಡಂ ಕೊಟ್ಟ ಲೆಕ್ಕದಂತೆ ಪ್ರತಿ ಮಗ್ಗುಲಿಗೆ 5 ಮಿಲಿಮೀಟರ್ ಕುಗ್ಗಿದರೂ, ಮತ್ತೆ ದುಂಡಗೆ ಮಾಡಿ 8ರಿಂದ 10 ಮಿಲಿಮೀಟರ್ ಗೋಡೆ ಉಳಿಸಿಕೊಳ್ಳುವಷ್ಟು ಮರ ಅದರಲ್ಲಿರುತ್ತದೆ. ನಾರಿನ ತುದಿಗಳಿರುವ ಎರಡು ಮಗ್ಗುಲಿಗೆ ಮೇಣ ಬಳಿಯಿರಿ, ಏಕೆಂದರೆ ನೀರು ಅಲ್ಲಿಂದಲೇ ಹೆಚ್ಚು ವೇಗವಾಗಿ ಹೊರಟುಹೋಗುತ್ತದೆ. ಬಟ್ಟಲಿನ ಮೇಲೆ ದಿನಾಂಕ ಮತ್ತು ತೂಕ ಬರೆದು, ಕಾಗದದ ಚೀಲದಲ್ಲಿ ಸುತ್ತಿ, ಬಿಸಿಲೂ ಫ್ಯಾನಿನ ಗಾಳಿಯೂ ತಾಗದ ನೆಲದ ಮೂಲೆಯಲ್ಲಿಡಿ. ತಿಂಗಳುಗಳೇ ಹಿಡಿಯುತ್ತವೆ. ಆಗಾಗ ತೂಗುತ್ತಿರಿ, ಹಲವು ವಾರ ತೂಕ ಇಳಿಯದೆ ನಿಂತರೆ ಒಣಗಿದೆ ಎಂದು ತಿಳಿಯಬಹುದು.

ಮರ ವಿಜ್ಞಾನದ ಅಧ್ಯಾಪಕಿ, ಬೆಂಗಳೂರು:

ತೂಕ ನಿಂತಿತೆಂದರೆ ಆ ಜಾಗದ ಹವೆಗೆ ತಕ್ಕಂತೆ ಒಣಗಿದೆ ಎಂದಷ್ಟೇ ಅರ್ಥ, ಇದನ್ನು ಸೇರಿಸಿಕೊಳ್ಳಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ರ ಆಸುಪಾಸಿನಲ್ಲಿದ್ದರೆ ಮರದ ನೀರಿನಂಶ ಸುಮಾರು ಶೇ. 16ರಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 50 ಇದ್ದರೆ ಸುಮಾರು ಶೇ. 9ಕ್ಕೆ ಇಳಿಯುತ್ತದೆ. ಸಾಗರದ ಮಳೆಗಾಲದಲ್ಲಿ ತೂಕ ನಿಂತ ಬಟ್ಟಲನ್ನು ಮುಗಿಸಿ ಬೇಸಗೆಯಲ್ಲಿ ಬಳ್ಳಾರಿಯ ಬಂಧುಗಳಿಗೆ ಕೊಟ್ಟರೆ ಅದು ಅಲ್ಲಿ ಮತ್ತೆ ಕುಗ್ಗುತ್ತದೆ. ಮಲೆನಾಡಿನವರು ಎರಡನೆಯ ಹಂತದ ಕೆಲಸವನ್ನು ಫೆಬ್ರವರಿ ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳುವುದು ಮೇಲು.

ಸಾಗರದ ಕಲಿಕೆಗಾರ:

ನಿಮ್ಮೆಲ್ಲರ ಮಾತಿನಂತೆ ಒರಟಾಗಿ ಕಡೆದ ಕೆಲವು ಬಟ್ಟಲುಗಳನ್ನು ಮೇಣ ಬಳಿದು ಒಣಗಲು ಇಟ್ಟಿದ್ದೇನೆ. ಇನ್ನೆರಡು ವಿಷಯ ಕೇಳಬೇಕಿದೆ. ಊಟಕ್ಕೆ ಬಳಸುವ ಬಟ್ಟಲಿಗೆ ಕೊನೆಯಲ್ಲಿ ಏನನ್ನು ಲೇಪಿಸಬೇಕು? ಮೇಸ್ತ್ರಿಗಳೇ, ಚನ್ನಪಟ್ಟಣದ ಅರಗು ಆದೀತೇ? ಇನ್ನೊಂದು, ಒಣಗಿದ ಬಟ್ಟಲಿನ ಟೆನನ್ ಕೂಡ ಅಂಡಾಕಾರವಾಗಿರುತ್ತದೆ ಅಲ್ಲವೇ, ಅದನ್ನು ಮತ್ತೆ ಚಕ್‌ಗೆ ಹಿಡಿಸುವುದು ಹೇಗೆ?

ಚನ್ನಪಟ್ಟಣದ ಕಸುಬುದಾರ:

ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಮೈಗೆ ಹತ್ತುತ್ತದೆ, ಆಮೇಲೆ ತಾಳೆಗರಿಯನ್ನು ಒತ್ತಿ ಹಿಡಿದರೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಬಿಸಿಗೆ ಕರಗುವ ಈ ಗುಣದಿಂದಲೇ ಅದು ಬಿಸಿ ಅನ್ನ ಸಾರಿಗೆ ಆಗುವುದಿಲ್ಲ. ಹಣ್ಣು, ಒಣ ತಿಂಡಿ, ಕುಂಕುಮ, ಅಡಿಕೆ ಇಡುವ ಬಟ್ಟಲಿಗೆ ಧಾರಾಳವಾಗಿ ಹಾಕಿ. ದೊಡ್ಡ ಬಟ್ಟಲಿನಲ್ಲಿ ಸಮನಾಗಿ ಹರಡಲು ಕೈ ಪಳಗಬೇಕು, ಚಿಕ್ಕ ಭರಣಿಯಿಂದ ಆರಂಭಿಸಿ.

ಮರ ವಿಜ್ಞಾನದ ಅಧ್ಯಾಪಕಿ, ಬೆಂಗಳೂರು:

ಊಟದ ಬಟ್ಟಲಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಮತ್ತು ಜೇನುಮೇಣವನ್ನು ಬೆಚ್ಚಗೆ ಬೆರೆಸಿ ಹಚ್ಚಬಹುದು, ಅದು ಕಮಟುವುದಿಲ್ಲ. ಆಗಾಗ ಮತ್ತೆ ಹಚ್ಚಬೇಕಾಗುತ್ತದೆ. ಶೇಂಗಾ ಎಣ್ಣೆ, ಎಳ್ಳೆಣ್ಣೆ ಬೇಡ, ಅವು ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರದಲ್ಲೇ ಉಳಿಯುತ್ತದೆ, ಆದರೆ ಹಸಿ ಅಗಸೆ ಎಣ್ಣೆಯನ್ನೇ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುದಿಸಿದ್ದೆಂದು ಮಾರುವ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಸುತ್ತಲೂ ಮರದ ಸಿಪ್ಪೆ ಬಿದ್ದಿರುವ ಜಾಗದಲ್ಲಿ ಇದು ದೊಡ್ಡ ಅಪಾಯ. ಬಟ್ಟೆಯನ್ನು ಅಂಗಳದಲ್ಲಿ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮರಳು ಕಾಗದದ ಕೆಲಸಕ್ಕೆ ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮುಖಗವಸು ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿನಲ್ಲಿ ಸೇರಿಸಿದೆ.

ಪುತ್ತೂರಿನ ಮರಗೆಲಸಗಾರ:

ಟೆನನ್ ಅಂಡಾಕಾರವಾಗಿಯೇ ಆಗುತ್ತದೆ, ಅದನ್ನು ಹಾಗೆಯೇ ಚಕ್‌ಗೆ ಬಿಗಿದರೆ ಎರಡು ದವಡೆಗಳು ಮಾತ್ರ ಕಚ್ಚುತ್ತವೆ. ಆದ್ದರಿಂದ ಮೊದಲ ಹಂತದಲ್ಲೇ ಟೆನನ್ ಅನ್ನು ಬೇಕಾದದ್ದಕ್ಕಿಂತ ತುಸು ದಪ್ಪವಾಗಿ ಬಿಟ್ಟು, ಅದರ ನಟ್ಟನಡುವೆ ಟೇಲ್ ಸ್ಟಾಕ್‌ನ ಮೊನೆಯ ಗುರುತನ್ನು ಉಳಿಸಿಕೊಂಡಿರಿ. ಒಣಗಿದ ಮೇಲೆ, ಚಕ್‌ನಲ್ಲಿ ಹಿಡಿದ ಒಂದು ದುಂಡು ಮರದ ತುಂಡಿನ ಮೇಲೆ ಮೆತ್ತನೆಯ ರಬ್ಬರ್ ಹಾಳೆ ಹಾಕಿ, ಬಟ್ಟಲನ್ನು ಬೋರಲಾಗಿ ಅದಕ್ಕೆ ಕವಿಚಿ, ಟೇಲ್ ಸ್ಟಾಕ್‌ನ ಮೊನೆಯನ್ನು ಅದೇ ಹಳೆಯ ಗುರುತಿಗೆ ತಂದು ಒತ್ತಿ. ಕೈಯಿಂದ ಒಂದು ಸುತ್ತು ತಿರುಗಿಸಿ, ಅಂಡಾಕಾರದ ಅಂಚು ಟೂಲ್ ರೆಸ್ಟ್‌ಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ನಿಮಿಷಕ್ಕೆ 400 ಸುತ್ತಿನ ಆಸುಪಾಸಿನಲ್ಲಿ ಟೆನನ್ ಮತ್ತು ಅದರ ಭುಜವನ್ನು ಮಾತ್ರ ಮತ್ತೆ ದುಂಡಗೆ ಮಾಡಿಕೊಳ್ಳಿ. ಆಮೇಲೆ ಬಟ್ಟಲನ್ನು ತಿರುಗಿಸಿ ಚಕ್‌ಗೆ ಹಿಡಿಸಿ, ಹೊರಮೈಯನ್ನು ಬುಡದಿಂದ ಅಂಚಿಗೆ ಮುಗಿಸಿದ ಮೇಲೆಯೇ ಒಳಕ್ಕೆ ಹೋಗಿ. ಒಳಗೆ ಅಂಚಿನ ಹತ್ತಿರದ ಒಂದೆರಡು ಇಂಚನ್ನು ಮೊದಲು ಪೂರ್ತಿ ಮುಗಿಸಿಬಿಡಿ. ತಳದ ಮರ ತೆಗೆದ ಮೇಲೆ ತೆಳುವಾದ ಗೋಡೆ ನಡುಗಲಾರಂಭಿಸುತ್ತದೆ, ಆಗ ಅಂಚಿಗೆ ಮತ್ತೆ ಉಳಿ ತಂದರೆ ಅದು ಕಚ್ಚುತ್ತದೆ.